ನಲವತ್ತೈದಕ್ಕೆ ಮೊದಲ ಬರಹ: ಚಂದ್ರಗಿರಿ ತೀರದಿಂದ ಬಂದ ಕತೆಗಾರ್ತಿ ಸಾರಾ

ಅಡೂರು: ಕತೆ ಬರೆಯುವ ಹುಚ್ಚು ಗಡಿನಾಡಿನ ನಮ್ಮ ಮನೆಗಳಿಗೆ ಹೊಸದೇನೂ ಅಲ್ಲ. ಶಾಲೆಯ ಕೈಬರಹ ಪತ್ರಿಕೆಯಲ್ಲಿ ಒಂದು ಕತೆ ಬಂದಿರುತ್ತದೆ. ಕಲೋತ್ಸವದಲ್ಲಿ ಒಂದು ಬಹುಮಾನವೂ ಸಿಕ್ಕಿರುತ್ತದೆ. ಅಷ್ಟರಲ್ಲಿ ಮದುವೆ, ಮಕ್ಕಳು, ಅಡಿಕೆ ತೋಟ, ಕೆಲಸದ ಹುಡುಕಾಟ. ಕತೆ ಬರೆದ ನೋಟುಪುಸ್ತಕ ಕಪಾಟಿನ ಅಡಿಗೆ ಹೋಗುತ್ತದೆ. ಮತ್ತೆ ಯಾರಾದರೂ ಕೇಳಿದರೆ “ಅದೆಲ್ಲ ಆಗ ಬರೀತಿದ್ದದ್ದು ಮಾರಾಯ್ರೆ, ಈಗ ಪುರುಸೊತ್ತು ಎಲ್ಲುಂಟು?” ಎಂಬ ಉತ್ತರ ಸಿದ್ಧ.

ಹೀಗೆ ಹೇಳುವವರಿಗೆ ನಮ್ಮದೇ ನದಿ ದಂಡೆಯ ಒಬ್ಬ ಮಹಿಳೆಯ ವಿಷಯ ಹೇಳಬೇಕು. ಅವರ ಮೊದಲ ಬರಹ ಅಚ್ಚಾದಾಗ ಪ್ರಾಯ ನಲವತ್ತೈದು. ನಾಲ್ಕು ಗಂಡು ಮಕ್ಕಳ ತಾಯಿ. ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಮನೆಮಾತು ಮಲಯಾಳ. ಆದರೂ ಬರೆದದ್ದು ಕನ್ನಡದಲ್ಲಿ. ಅಲ್ಲಿಂದ ಮುಂದೆ ಕತೆ, ಕಾದಂಬರಿ, ಅನುವಾದ, ಆತ್ಮಕಥೆ ಅಂತ ಒಂದರ ಹಿಂದೆ ಒಂದು ಬಂತು. ಹೌದು, ಸಾರಾ ಅಬೂಬಕ್ಕರ್ ಅವರೇ. 2023ರ ಜನವರಿ 10ರಂದು ಮಂಗಳೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ 86.

ಅಡೂರಿಗೂ ಸಾರಾರಿಗೂ ಎಂತ ಸಂಬಂಧ ಅಂತ ಕೇಳಬಹುದು. ಊರಿನ ಸಂಬಂಧ ಇಲ್ಲ, ನೀರಿನ ಸಂಬಂಧ ಉಂಟು. ನಮ್ಮ ಮಹಾಲಿಂಗೇಶ್ವರ ದೇವಸ್ಥಾನದ ಬದಿಯಲ್ಲಿ ಹರಿಯುವ ಪಯಸ್ವಿನಿ ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸಂಪಾಜೆ, ಸುಳ್ಯ ದಾಟಿ ಇತ್ತ ಬರುತ್ತದೆ. ಮುಂದೆ ಕಾಸರಗೋಡಿನ ಹತ್ತಿರ ಚಂದ್ರಗಿರಿ ಎಂಬ ಹೆಸರಿನಲ್ಲಿ ಸಮುದ್ರ ಸೇರುತ್ತದೆ. ಸಾರಾ ಹುಟ್ಟಿ ಬೆಳೆದದ್ದು ಆ ಕೊನೆಯಲ್ಲಿ. ಅವರ ಮೊದಲ ಕಾದಂಬರಿಗೆ ಇಟ್ಟ ಹೆಸರೇ ‘ಚಂದ್ರಗಿರಿಯ ತೀರದಲ್ಲಿ’.

ಕನ್ನಡ ಬಂದದ್ದು ಶಾಲೆಯಿಂದ

ಸಾರಾ ಹುಟ್ಟಿದ್ದು 1936ರ ಜೂನ್ 30ರಂದು. ತಂದೆ ವಕೀಲರು. ಆಗ ಕಾಸರಗೋಡು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ತಾಲೂಕು. ಪೇಟೆಯ ಶಾಲೆಗಳಲ್ಲಿ ಕನ್ನಡ ಇತ್ತು. ಮನೆಯಲ್ಲಿ ಮಲಯಾಳ ಮಾತಾಡುವ ಹುಡುಗಿ ಶಾಲೆಗೆ ಹೋಗಿ ಕನ್ನಡ ಕಲಿತಳು, ಕನ್ನಡದಲ್ಲೇ ಓದಿದಳು. ಹುಡುಗಿಯರನ್ನು ನಾಲ್ಕೈದು ಕ್ಲಾಸಿಗೇ ಬಿಡಿಸಿ ಮನೆಯಲ್ಲಿ ಕೂರಿಸುತ್ತಿದ್ದ ಕಾಲ ಅದು. ಆ ಭಾಗದ ಮುಸ್ಲಿಂ ಹುಡುಗಿಯರಲ್ಲಿ ಪ್ರೌಢಶಾಲೆ ಮುಗಿಸಿದ ಮೊದಲ ಕೆಲವರಲ್ಲಿ ಸಾರಾ ಒಬ್ಬರು. ಮನಸ್ಸಿದ್ದರೂ ಅದಕ್ಕಿಂತ ಮುಂದಕ್ಕೆ ಕಲಿಯಲಿಕ್ಕೆ ಆಗಲಿಲ್ಲ.

ಮದುವೆಯಾದದ್ದು ಎಂಜಿನಿಯರ್ ಅಬೂಬಕ್ಕರ್ ಅವರನ್ನು. ಸಂಸಾರ, ನಾಲ್ಕು ಮಕ್ಕಳು. ನೆಲೆ ನಿಂತದ್ದು ಮಂಗಳೂರಿನಲ್ಲಿ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆಗಿ ಕಾಸರಗೋಡು ಕೇರಳಕ್ಕೆ ಹೋದಾಗ ಅವರಿಗೆ ಇಪ್ಪತ್ತು ವರ್ಷ. ತವರು ಒಂದು ರಾಜ್ಯ, ಗಂಡನ ಮನೆ ಇನ್ನೊಂದು ರಾಜ್ಯ ಎಂಬ ನಮ್ಮ ಮನೆಗಳ ಪಾಡನ್ನು ಅವರೂ ಅನುಭವಿಸಿದರು.

ಇಲ್ಲಿ ಒಂದು ಮಾತು. ಮಹಾಜನ ಆಯೋಗ 1967ರ ವರದಿಯಲ್ಲಿ ಚಂದ್ರಗಿರಿ ನದಿಯ ಉತ್ತರದ ಪ್ರದೇಶ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ಹೇಳಿತು. ಅದು ಜಾರಿಗೆ ಬರಲೇ ಇಲ್ಲ. ಆದರೆ ನದಿಯನ್ನೇ ಗೆರೆ ಮಾಡಿ ಈಚೆ ಕನ್ನಡ, ಆಚೆ ಮಲಯಾಳ ಅಂತ ಲೆಕ್ಕ ಹಾಕಿದವರಿಗೆ ಸಾರಾರಂತಹವರನ್ನು ಯಾವ ಬದಿಗೆ ಸೇರಿಸುವುದು ಅಂತ ಗೊತ್ತಾಗಲಿಕ್ಕಿಲ್ಲ. ಬಾಯಿಯಲ್ಲಿ ಒಂದು ಭಾಷೆ, ಪೆನ್ನಿನಲ್ಲಿ ಇನ್ನೊಂದು. ಗಡಿನಾಡಿನಲ್ಲಿ ಅದು ಸಹಜ.

ಹದಿನೆಂಟು ವರ್ಷ ಬರೇ ಓದು

ಬರೆಯುವ ಆಸೆ ಇರುವವರು ಗಮನಿಸಬೇಕಾದ ಭಾಗ ಇದು. 1963ರಲ್ಲಿ ಸಾರಾ ಒಂದು ಗ್ರಂಥಾಲಯದ ಸದಸ್ಯರಾದರು. ಕಾಲೇಜು ಇಲ್ಲದ ಮೇಲೆ ಕಲಿಕೆಗೆ ಸಿಕ್ಕಿದ ದಾರಿ ಅದೊಂದೇ. ಅಲ್ಲಿಂದ 1981ರವರೆಗೆ ಲೆಕ್ಕ ಹಾಕಿದರೆ ಹದಿನೆಂಟು ವರ್ಷ. ಅಷ್ಟೂ ವರ್ಷ ಮನೆಗೆಲಸದ ಮಧ್ಯೆ ಪುಸ್ತಕ ತಂದು ಓದಿ, ಹಿಂದೆ ಕೊಟ್ಟು, ಇನ್ನೊಂದು ತರುವ ಕೆಲಸ ನಡೆಯಿತು. ಒಬ್ಬ ಗೃಹಿಣಿ ಲೈಬ್ರರಿ ಚೀಟಿ ಹಿಡಿದುಕೊಂಡು ಹೋದದ್ದು ಆಗ ಯಾರಿಗೂ ಸುದ್ದಿ ಅಂತ ಅನ್ನಿಸಿರಲಿಕ್ಕಿಲ್ಲ.

ಈಗಿನ ಮಕ್ಕಳು ಮೂರು ಕತೆ ಬರೆದ ಕೂಡಲೇ ಸಂಕಲನದ ಮುಖಪುಟ ಯಾವ ಬಣ್ಣ ಅಂತ ಯೋಚಿಸುತ್ತಾರೆ. ತಪ್ಪು ಅಂತ ಹೇಳುವುದಲ್ಲ. ಉತ್ಸಾಹ ಬೇಕು. ಆದರೆ ಗಡಿನಾಡಿನ ನಮ್ಮ ಗ್ರಾಮ ವಾಚನಾಲಯಗಳಲ್ಲಿ ಕನ್ನಡ ಪುಸ್ತಕದ ಕಪಾಟು ತೆರೆಯುವವರು ಎಷ್ಟು ಮಂದಿ ಅಂತ ಒಮ್ಮೆ ಹೋಗಿ ನೋಡಿದರೆ ಒಳ್ಳೆಯದು.

ಲಂಕೇಶ್ ಪತ್ರಿಕೆ ತೆರೆದ ಬಾಗಿಲು

ಪಿ. ಲಂಕೇಶ್ 1980ರಲ್ಲಿ ತಮ್ಮ ವಾರಪತ್ರಿಕೆ ಸುರು ಮಾಡಿದರು. ಜಾಹೀರಾತು ಇಲ್ಲದ ಕಪ್ಪು ಬಿಳುಪಿನ ಪತ್ರಿಕೆ. ರಾಜಕೀಯಕ್ಕೆ ಹೆಸರಾದರೂ ಹೊಸ ಬರಹಗಾರರನ್ನು ಹುಡುಕಿ ಬರೆಸುವ ಗುಣ ಅದಕ್ಕಿತ್ತು. 1981ರಲ್ಲಿ ಸಾರಾ ಬರೆದ ಒಂದು ಲೇಖನ ಅಲ್ಲಿ ಅಚ್ಚಾಯಿತು. ವಿಷಯ ಕೋಮು ಸೌಹಾರ್ದ. ಕತೆಗಾರ್ತಿಯಾಗಿ ಹೆಸರು ಮಾಡಿದವರ ಮೊದಲ ಬರಹ ಕತೆಯೇ ಅಲ್ಲ!

ಅದೇ ವರ್ಷ ‘ಚಂದ್ರಗಿರಿಯ ತೀರದಲ್ಲಿ’ ಅದೇ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರತೊಡಗಿತು. ಓದದವರಿಗೆ ಕತೆಯ ಎಳೆ ಹೀಗೆ: ಮಹಮ್ಮದ್ ಖಾನ್ ಎಂಬ ಹಠಮಾರಿ ತಂದೆ ಮಗಳು ನಾದಿರಾಳನ್ನು ರಶೀದ್ ಎಂಬ ಒಳ್ಳೆಯ ಹುಡುಗನಿಗೆ ಮದುವೆ ಮಾಡಿ ಕೊಡುತ್ತಾನೆ. ಆಮೇಲೆ ಹಣದ ವಿಷಯದಲ್ಲಿ ಅಳಿಯನ ಹತ್ತಿರ ಜಗಳ ತೆಗೆದು ಮಗಳನ್ನು ಮನೆಯಲ್ಲೇ ಇರಿಸಿಕೊಳ್ಳುತ್ತಾನೆ, ತಲಾಖ್ ಮಾಡಿಸುತ್ತಾನೆ. ಪಶ್ಚಾತ್ತಾಪ ಆಗಿ ಇಬ್ಬರನ್ನು ಪುನಃ ಒಂದು ಮಾಡಬೇಕು ಅಂತ ಹೊರಟರೆ ಅಡ್ಡ ಬರುವುದು ನಿಯಮ. ಮೊದಲ ಗಂಡನನ್ನು ಪುನಃ ಮದುವೆಯಾಗಬೇಕಾದರೆ ನಡುವೆ ಇನ್ನೊಬ್ಬನನ್ನು ಮದುವೆಯಾಗಿ ಅವನ ಜತೆ ಒಂದು ರಾತ್ರಿ ಕಳೆಯಬೇಕು. ನಾದಿರಾ ಪಳ್ಳಿಯ ಕೆರೆಯಲ್ಲಿ ಜೀವ ಕೊಡುತ್ತಾಳೆ.

ಕಾದಂಬರಿ ದೊಡ್ಡದಲ್ಲ, ಒಂದೆರಡು ದಿನದಲ್ಲಿ ಓದಿ ಮುಗಿಸಬಹುದು. ಭಾಷೆಯಲ್ಲಿ ಅಲಂಕಾರ ಇಲ್ಲ. ಹೊಳೆ, ಕಡವು, ದೋಣಿ, ತೆಂಗಿನ ತೋಟದ ನಡುವಿನ ಸಣ್ಣ ಮನೆ, ಗಂಡ ಬರುವ ಹೊತ್ತಿಗೆ ಹೆದರಿ ನಿಲ್ಲುವ ಹೆಂಡತಿ. ಕಾಸರಗೋಡಿನವರಿಗೆ ಓದುವಾಗ ಇದು ನಮ್ಮ ಪಕ್ಕದ ಮನೆ ಅಂತಲೇ ಅನ್ನಿಸುತ್ತದೆ. ತಂದೆಯನ್ನು ಬರೇ ರಾಕ್ಷಸ ಮಾಡದೆ, ಕೊನೆಗೆ ತಾನೇ ಕಟ್ಟಿದ ಬಲೆಯಲ್ಲಿ ಸಿಕ್ಕಿ ಒದ್ದಾಡುವ ಮನುಷ್ಯನನ್ನಾಗಿ ತೋರಿಸಿದ್ದು ಅವರ ದೊಡ್ಡ ಬಲ ಅಂತ ಈ ಲೇಖಕನ ಅಭಿಪ್ರಾಯ.

ಕೃತಿಗೆ 1984ರಲ್ಲಿ ಕರ್ನಾಟಕ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದೂ ಅದೇ ವರ್ಷ, ಮೇ 24ರಂದು. ವನಮಾಲಾ ವಿಶ್ವನಾಥ ಅವರು ಕಾದಂಬರಿಯನ್ನು ‘ಬ್ರೇಕಿಂಗ್ ಟೈಸ್’ ಹೆಸರಿನಲ್ಲಿ ಇಂಗ್ಲಿಷಿಗೆ ಅನುವಾದಿಸಿದರು. ಹೊಳೆ ದಂಡೆಯ ಕತೆ ಹಾಗೆ ದೇಶದ ಕಾಲೇಜುಗಳಿಗೂ ಹೋಯಿತು.

ಮೆಚ್ಚುಗೆಯ ಜತೆ ಬೈಗುಳ

ಪ್ರಶಸ್ತಿ ಬಂತು, ಹಾರ ಬಂತು ಅಂತ ಮಾತ್ರ ಬರೆದರೆ ಅರ್ಧ ಸತ್ಯ. ಸ್ವಂತ ಸಮುದಾಯದ ಒಳಗಿನ ವಿಷಯವನ್ನು, ಅದೂ ಒಬ್ಬ ಹೆಂಗಸು ಹೊರಗಿನವರ ಮುಂದೆ ಇಟ್ಟಳು ಅಂತ ಕೋಪಗೊಂಡವರು ಹಲವರು. ಸಭೆಗಳಲ್ಲಿ ವಿರೋಧ ಎದುರಾಯಿತು. ಬಂಡಾಯ ಸಾಹಿತ್ಯ ಸಂಘಟನೆಯವರು ಅವರ ಬೆಂಬಲಕ್ಕೆ ನಿಂತರು. ಇನ್ನೊಂದು ಬದಿಯಲ್ಲಿ, ಅವರ ಪುಸ್ತಕವನ್ನು ಆ ಸಮುದಾಯವನ್ನು ಹೀಯಾಳಿಸಲಿಕ್ಕೆ ಬಳಸಿಕೊಳ್ಳುವವರೂ ಇದ್ದರು. ಎರಡನೆಯದು ಹೆಚ್ಚು ನೋವು ಕೊಡುವಂಥದ್ದು. ಕೋಮುವಾದ ಯಾವ ಬಣ್ಣದ್ದಾದರೂ ಅದರ ವಿರುದ್ಧ ಬರೆದ ಲೇಖಕಿ ಅವರು. ಇವರಿಂದಲೂ ಅವರಿಂದಲೂ ಬೈಗುಳ ತಿನ್ನುವುದು ನ್ಯಾಯ ಹೇಳುವವರಿಗೆ ಇದ್ದದ್ದೇ.

ಬರೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ‘ಸಹನಾ’, ‘ವಜ್ರಗಳು’, ‘ಕದನ ವಿರಾಮ’, ‘ಸುಳಿಯಲ್ಲಿ ಸಿಕ್ಕವರು’, ‘ತಳ ಒಡೆದ ದೋಣಿ’, ‘ಪಂಜರ’ ಕಾದಂಬರಿಗಳು ಬಂದವು. ಸಣ್ಣ ಕತೆಯ ಕಡೆಗೆ ತಿರುಗಿದಾಗ 1989ರಲ್ಲಿ ‘ಚಪ್ಪಲಿಗಳು’ ಸಂಕಲನ ಹೊರಬಂತು. ಆಮೇಲೆ ‘ಪಯಣ’, ‘ಅರ್ಧರಾತ್ರಿಯಲ್ಲಿ ಹುಟ್ಟಿದ ಕೂಸು’, ‘ಖೆಡ್ಡಾ’, ‘ಸುಮಯ’, ‘ಗಗನ ಸಖಿ’. ಕಾದಂಬರಿಯಲ್ಲಿ ಗೆದ್ದವರು ಸಣ್ಣ ಕತೆಗೆ ಬರುವುದು ಕಡಿಮೆ. ಸಾಮಾನ್ಯವಾಗಿ ಕತೆಯಲ್ಲಿ ಕೈ ಪಳಗಿಸಿ ಕಾದಂಬರಿಗೆ ಹೋಗುತ್ತಾರೆ. ಸಾರಾ ಆ ಕ್ರಮವನ್ನೂ ತಿರುಗಿಸಿ ಇಟ್ಟರು.

ಮೇಲ್ದಂಡೆಯಲ್ಲಿ ಇನ್ನಿಬ್ಬರು

ಕತೆಯಿಂದಲೇ ಸುರು ಮಾಡಿದವರೂ ಇದೇ ನೀರಿನ ಮೇಲ್ಬದಿಯಲ್ಲಿ ಇದ್ದರು. ಸುಳ್ಯ ಕಡೆಯ ಕುಳಕುಂದದಲ್ಲಿ 1924ರಲ್ಲಿ ಹುಟ್ಟಿದ ನಿರಂಜನರು ಶಾಲೆಗೆ ಹೋದದ್ದು ಸುಳ್ಯದಲ್ಲಿ, ಹೈಸ್ಕೂಲಿಗೆ ಬಂದದ್ದು ಈಗ ನಮ್ಮ ಜಿಲ್ಲೆಯಲ್ಲಿರುವ ನೀಲೇಶ್ವರಕ್ಕೆ. ಹದಿಹರೆಯದಲ್ಲೇ ಬರೆಯತೊಡಗಿ, ಮಂಗಳೂರಿನ ‘ರಾಷ್ಟ್ರಬಂಧು’ ವಾರಪತ್ರಿಕೆಯಲ್ಲಿ ಕಡೆಂಗೋಡ್ಲು ಶಂಕರ ಭಟ್ಟರ ಕೈಕೆಳಗೆ ದುಡಿದರು. ‘ಕೊನೆಯ ಗಿರಾಕಿ’ ಇಂದಿಗೂ ಕನ್ನಡದ ಹೆಸರಾಂತ ಸಣ್ಣ ಕತೆಗಳಲ್ಲಿ ಒಂದು. ನೀಲೇಶ್ವರದ ಹತ್ತಿರದ ಕಯ್ಯೂರಿನ ನಾಲ್ವರು ರೈತರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಆ ಹೋರಾಟ 1955ರಲ್ಲಿ ‘ಚಿರಸ್ಮರಣೆ’ಯಾಗಿ ಬಂತು. ಕಯ್ಯೂರಿನ ವಿಷಯವನ್ನು ಕಾದಂಬರಿ ಮಾಡಲಿಕ್ಕೆ ಒಬ್ಬ ಕನ್ನಡದ ಹುಡುಗ ಬೇಕಾಯಿತು ನೋಡಿ. 1971ರಲ್ಲಿ ಪಾರ್ಶ್ವವಾಯು ಬಡಿದ ಮೇಲೂ ನಿರಂಜನರು ಸುಮ್ಮನೆ ಕೂರದೆ ಲೋಕದ ಕತೆಗಳನ್ನೆಲ್ಲ ಸೇರಿಸಿ ‘ವಿಶ್ವಕಥಾಕೋಶ’ದ 25 ಸಂಪುಟಗಳ ಸಂಪಾದಕರಾದರು. ಹಳೇ ಲೈಬ್ರರಿಗಳಲ್ಲಿ ಆ ಸಂಪುಟಗಳು ಸಿಕ್ಕಿದರೆ ಬಿಡಬೇಡಿ.

ಇನ್ನೂ ಮೇಲೆ, ಕೊಡಗಿನಲ್ಲಿ, ಗೌರಮ್ಮ. 1912ರಲ್ಲಿ ಹುಟ್ಟಿ 1939ರ ಏಪ್ರಿಲ್‌ನಲ್ಲಿ ಈಜಲು ಹೋದಾಗ ನೀರಿನ ಸುಳಿಗೆ ಸಿಕ್ಕಿ ತೀರಿಕೊಂಡರು. ಸಿಕ್ಕಿದ್ದು ಸಣ್ಣ ಆಯುಷ್ಯ, ಅದರಲ್ಲಿ ಬರೆದದ್ದು ಸಣ್ಣ ಕತೆ. ‘ಕಂಬನಿ’ ಪುಸ್ತಕವಾಗಿ ಬರುವಾಗ ಅವರಿರಲಿಲ್ಲ. ವಿಧವೆಯರ, ಕೈಬಿಟ್ಟ ಹೆಂಡತಿಯರ ಕತೆಗಳನ್ನು ಅಷ್ಟು ಹಿಂದೆಯೇ ಬರೆದ ಹೆಣ್ಣುಮಗಳು.

ಮಡಿಕೇರಿಯ ದೀಪಾ ಭಾಸ್ತಿ ಅವರು ಗೌರಮ್ಮನ ಕತೆಗಳನ್ನು 2023ರಲ್ಲಿ ಇಂಗ್ಲಿಷಿಗೆ ತಂದರು. ಅದೇ ದೀಪಾ ಅನುವಾದಿಸಿದ ಬಾನು ಮುಷ್ತಾಕ್ ಅವರ ಹನ್ನೆರಡು ಕತೆಗಳ ‘ಹಾರ್ಟ್ ಲ್ಯಾಂಪ್’ಗೆ 2025ರ ಮೇ 20ರಂದು ಅಂತಾರಾಷ್ಟ್ರೀಯ ಬೂಕರ್ ಬಂತು. ಆ ಪ್ರಶಸ್ತಿ ಸಣ್ಣ ಕತೆಗಳ ಸಂಕಲನಕ್ಕೆ ಸಿಕ್ಕಿದ್ದು ಅದೇ ಮೊದಲು. ಹಾಸನದ ಬಾನು ಅವರೂ ಲಂಕೇಶ್ ಪತ್ರಿಕೆಗೆ ವರದಿ ಮಾಡುತ್ತಿದ್ದವರು. ಒಂದು ವಾರಪತ್ರಿಕೆ ಎಷ್ಟು ಮನೆಯ ಹೆಂಗಸರ ಕೈಗೆ ಪೆನ್ನು ಕೊಟ್ಟಿತು ಅಂತ ಇದರಿಂದ ಅಂದಾಜು ಮಾಡಬಹುದು. “ಸಣ್ಣ ಕತೆ ಬರೆದರೆ ಎಂತ ಸಿಗ್ತದೆ?” ಅಂತ ಕೇಳುವ ಮಾವಂದಿರಿಗೆ ಈಗ ಒಂದು ಉತ್ತರವಾದರೂ ಇದೆ.

ಪ್ರಕಾಶನ, ಅನುವಾದ, ಕೋರ್ಟು

ಪುನಃ ಸಾರಾರ ವಿಷಯಕ್ಕೆ ಬರುವ. ಹೆಸರು ಬಂದ ಮೇಲೆ ಅವರು ಕೈಗೆತ್ತಿಕೊಂಡ ಕೆಲಸಗಳು ಕಡಿಮೆ ಅಲ್ಲ. 1990ರಿಂದ 1994ರವರೆಗೆ ಕರಾವಳಿ ಲೇಖಕಿಯರ ಮತ್ತು ವಾಚಕಿಯರ ಸಂಘದ ಅಧ್ಯಕ್ಷೆಯಾಗಿದ್ದರು. ಬರೆಯುವವರ ಜತೆ ಓದುವವರನ್ನೂ ಸೇರಿಸಿಕೊಂಡ ಸಂಘ ಅದು. ಹೆಸರಿನಲ್ಲೇ ಅದು ಗೊತ್ತಾಗುತ್ತದೆ. 1994ರಲ್ಲಿ ‘ಚಂದ್ರಗಿರಿ ಪ್ರಕಾಶನ’ ಎಂಬ ಸ್ವಂತ ಪ್ರಕಾಶನ ಸುರು ಮಾಡಿದರು. ಪುಸ್ತಕಕ್ಕೆ ಪ್ರಕಾಶಕರನ್ನು ಕಾದು ಕೂರುವ ಗೋಜು ಬೇಡ ಅಂತ.

ಗಡಿನಾಡಿನವರಿಗೆ ಹೆಚ್ಚು ಬೆಲೆಯದ್ದು ಅವರ ಅನುವಾದಗಳು. ಕಮಲಾದಾಸ್, ಬಿ.ಎಂ. ಸುಹರಾ, ಪಿ.ಕೆ. ಬಾಲಕೃಷ್ಣನ್ ಮೊದಲಾದವರನ್ನು ಮಲಯಾಳದಿಂದ ಕನ್ನಡಕ್ಕೆ ತಂದರು. ಮಹಾಭಾರತದ ಕರ್ಣ, ದ್ರೌಪದಿಯರ ಕತೆಯಿರುವ ಬಾಲಕೃಷ್ಣನ್ ಅವರ ಕಾದಂಬರಿ ‘ನಾನಿನ್ನು ನಿದ್ರಿಸುವೆ’ ಆಗಿ ನಮ್ಮ ಕೈಗೆ ಬಂತು. ಎರಡೂ ಭಾಷೆ ಮನೆಯೊಳಗೇ ಇರುವ ನಮ್ಮ ಮಕ್ಕಳಿಗೆ ಇದೊಂದು ದೊಡ್ಡ ಅವಕಾಶ. ಬೇರೆಯವರು ಹಣ ಕೊಟ್ಟು ಕಲಿಯುವ ಭಾಷೆಯನ್ನು ನಾವು ಬಸ್ಸಿನಲ್ಲಿ, ರೇಷನ್ ಅಂಗಡಿಯಲ್ಲಿ ಪುಕ್ಕಟೆ ಕಲಿಯುತ್ತೇವೆ. ಅದನ್ನು ಅನುವಾದಕ್ಕೆ ಬಳಸಿಕೊಳ್ಳುವವರು ಮಾತ್ರ ಬೆರಳೆಣಿಕೆಯಷ್ಟು.

2011ರಲ್ಲಿ ‘ಬ್ಯಾರಿ’ ಸಿನಿಮಾ ಬಂತು. ಅದಕ್ಕೆ ರಾಷ್ಟ್ರ ಪ್ರಶಸ್ತಿಯೂ ಬಂತು. ಅದು ತನ್ನ ‘ಚಂದ್ರಗಿರಿಯ ತೀರದಲ್ಲಿ’ಯದ್ದೇ ಕತೆ, ಅನುಮತಿ ಕೇಳಲಿಲ್ಲ ಅಂತ ಸಾರಾ ನ್ಯಾಯಾಲಯಕ್ಕೆ ಹೋದರು. ಎಪ್ಪತ್ತೈದರ ಪ್ರಾಯದಲ್ಲಿ ಕೋರ್ಟು ಅಲೆಯುವುದು ಸುಲಭದ ಮಾತಲ್ಲ. ತೀರ್ಪು ಅವರ ಕಡೆಗೆ ಬಂತು. ಬರೆದದ್ದರ ಹಕ್ಕು ಬರೆದವರದ್ದು ಎಂಬುದನ್ನು ನಮ್ಮ ಯುವ ಬರಹಗಾರರು ಇದರಿಂದ ತಿಳಿದುಕೊಳ್ಳಬೇಕು. ಈಗಂತೂ ಒಬ್ಬರ ಕತೆ ಇನ್ನೊಬ್ಬರ ಹೆಸರಿನಲ್ಲಿ ಮೊಬೈಲಿನಿಂದ ಮೊಬೈಲಿಗೆ ಹೋಗುವ ಕಾಲ. ‘ವಜ್ರಗಳು’ ಕಾದಂಬರಿ ‘ಸಾರಾ ವಜ್ರ’ ಎಂಬ ಕನ್ನಡ ಚಿತ್ರವಾಗಿ 2022ರಲ್ಲಿ ತೆರೆಗೆ ಬಂದದ್ದನ್ನು ನೋಡುವ ಭಾಗ್ಯವೂ ಅವರಿಗೆ ಸಿಕ್ಕಿತು. ಆತ್ಮಕಥೆ ‘ಹೊತ್ತು ಕಂತುವ ಮುನ್ನ’ 2010ರಲ್ಲೇ ಬಂದಿತ್ತು. 1995ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2006ರಲ್ಲಿ ನೃಪತುಂಗ ಪ್ರಶಸ್ತಿ, 2008ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್. ಕಾಲೇಜಿಗೆ ಕಳಿಸದ ಹುಡುಗಿಗೆ ಕೊನೆಗೆ ವಿಶ್ವವಿದ್ಯಾನಿಲಯವೇ ಡಾಕ್ಟರೇಟ್ ಕೊಟ್ಟಿತು.

ಮುಂದಿನವರು ಯಾರು?

ಕಾಸರಗೋಡಿನ ಕನ್ನಡ ಅಂದರೆ ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈ, ನಮ್ಮ ಹತ್ತಿರದ ಕಾರಡ್ಕದ ಕೆ.ವಿ. ತಿರುಮಲೇಶ್ ಅಂತ ಕವಿಗಳ ಹೆಸರು ಸಲೀಸಾಗಿ ಬಾಯಿಗೆ ಬರುತ್ತದೆ. ಕತೆಗಾರರ ಪಟ್ಟಿ ಅಷ್ಟು ಉದ್ದ ಇಲ್ಲ. ಸಣ್ಣ ಕತೆಯನ್ನೇ ನಂಬಿ ಬರೆದ ಎಂ. ವ್ಯಾಸರನ್ನು ಈಗಿನ ಮಕ್ಕಳಲ್ಲಿ ಎಷ್ಟು ಮಂದಿ ಓದಿದ್ದಾರೋ. ಈಚೆಗೆ ಅನುಪಮಾ ಪ್ರಸಾದ್ ಅವರು ‘ಜೋಗತಿ ಜೋಳಿಗೆ’ಯಂತಹ ಕಥಾಸಂಕಲನಗಳಿಂದ ಸುರು ಮಾಡಿ ‘ಪಕ್ಕಿಹಳ್ಳದ ಹಾದಿಗುಂಟ’ ಕಾದಂಬರಿಯವರೆಗೆ ಬಂದದ್ದು ಸಂತೋಷದ ವಿಷಯ.

ಸಂಕಟದ ವಿಷಯ ಬೇರೆ ಉಂಟು. ಸಾರಾ ಕನ್ನಡ ಲೇಖಕಿ ಆದದ್ದು ಮನೆ ಹತ್ತಿರ ಕನ್ನಡ ಶಾಲೆ ಇದ್ದುದರಿಂದ. ಇವತ್ತು ಅಂತಹ ಮನೆಯ ಹುಡುಗಿ ಕನ್ನಡ ಕ್ಲಾಸಿಗೆ ಸೇರುವುದು ಬಿಡಿ, ಕನ್ನಡ ಮನೆಯ ಮಕ್ಕಳೇ ಇಂಗ್ಲಿಷ್ ಮೀಡಿಯಂ ವ್ಯಾನು ಹತ್ತುತ್ತಿದ್ದಾರೆ. ಉಳಿದ ಕನ್ನಡ ಮಾಧ್ಯಮ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರ ನೇಮಕ ಆಯಿತು ಅಂತ ಗಡಿನಾಡಿನಲ್ಲಿ ಹೆತ್ತವರು ಬೀದಿಗೆ ಇಳಿದದ್ದು ಒಂದೆರಡು ಬಾರಿ ಅಲ್ಲ. ಸಮಾಜ ವಿಜ್ಞಾನವೋ ಗಣಿತವೋ ಅರ್ಥವಾಗದೆ ಕೂರುವ ಮಗುವಿನಿಂದ ಕನ್ನಡದಲ್ಲಿ ಕತೆ ಬರೆಯುವ ಆಸೆಯನ್ನು ಹೇಗೆ ನಿರೀಕ್ಷಿಸುವುದು?

ನಮ್ಮ ಕಡೆಯದ್ದೂ ಒಂದು ತಪ್ಪು ಉಂಟು. ಊರಿನ ಲೇಖಕರನ್ನು ಕರೆದು ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೋ ತೆಗೆದು ಕಳಿಸುತ್ತೇವೆ. ಸಭೆಯ ಹೊರಗೆ ಅವರದ್ದೇ ಪುಸ್ತಕ ಮೇಜಿನ ಮೇಲೆ ಇಟ್ಟಿರುತ್ತಾರೆ. ಅದನ್ನು ಕೊಳ್ಳುವವರು ನಾಲ್ಕು ಮಂದಿ. ಊಟಕ್ಕೆ ಮುನ್ನೂರು.

ಕತೆ ಬರೆದು ಇಟ್ಟವರಿಗೆ ಒಂದೆರಡು ಮಾತು. ಮೊದಲೆಲ್ಲ ಕಾಗದದ ಒಂದೇ ಬದಿಯಲ್ಲಿ ಬರೆದು, ಸ್ಟಾಂಪು ಹಚ್ಚಿದ ಲಕೋಟೆ ಒಳಗಿಟ್ಟು ಕಳಿಸಬೇಕಿತ್ತು. ತಿಂಗಳುಗಟ್ಟಲೆ ಪೋಸ್ಟ್‌ಮ್ಯಾನಿನ ದಾರಿ ಕಾಯುವುದು, ದಪ್ಪ ಲಕೋಟೆ ಬಂದರೆ ಕತೆ ಹಿಂದೆ ಬಂತು ಅಂತ ಅರ್ಥ. ಈಗ ಫೋನಿನಲ್ಲೇ ಟೈಪು ಮಾಡಿ ಇಮೈಲ್ ಮಾಡಿದರೆ ಆಯಿತು. ದೀಪಾವಳಿ, ಯುಗಾದಿ ಹೊತ್ತಿಗೆ ಕರ್ನಾಟಕದ ಪತ್ರಿಕೆಗಳು ಕಥಾಸ್ಪರ್ಧೆ ಕರೆಯುವುದುಂಟು. ಗಡಿಯ ಈಚೆಯವರಾದರೂ ಕನ್ನಡದಲ್ಲಿ ಬರೆದವರು ಕಳಿಸಿ ನೋಡಬಹುದು. ನಿಯಮ ಓದಿ, ಪದಗಳ ಮಿತಿ ನೋಡಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಂಡು ಕಳಿಸಿ. ಒಂದೇ ಕತೆಯನ್ನು ಎರಡು ಕಡೆಗೆ ಕಳಿಸಬೇಡಿ. ಎರಡೂ ಕಡೆ ಅಚ್ಚಾದರೆ ಮತ್ತೆ ಎರಡೂ ಕಡೆ ಬಾಗಿಲು ಮುಚ್ಚುತ್ತದೆ.

ವಿಳಾಸ ಬರೆಯುವಾಗ ‘ಅಡೂರು’ ಅಂತ ಬಿಡಿಸಿ ಬರೆಯಿರಿ. ಮುಳ್ಳೇರಿಯದ ಹತ್ತಿರ ಆದೂರು ಬೇರೆ ಉಂಟು. ಬಹುಮಾನದ ಚೆಕ್ಕು ಅಲ್ಲಿಗೆ ಹೋದರೆ ಕಷ್ಟ.